ಷೂ ಬಿಚ್ಚಿ ಹತ್ತು

ಅಶೋಕನ ಶಾಸನ ನೋಡಿ ಜಟಿಂಗ ರಾಮೇಶ್ವರ ಬೆಟ್ಟ ಇಳಿಯುತ್ತಿದ್ದ ಗೋವರ್ಧನನ ಸೈಕಲ್ಲು ದೇವರೆತ್ತಿಗೆ ಗುದ್ದಿತು. ಎತ್ತಿನ ಕಾಲೂ ಮುರಿಯಿತು, ಅವನ ಪಾದವೂ ಮುರಿಯಿತು. ಎತ್ತು ಕಾಯುವ ಪಾತಣ್ಣ ಬರಿಗಾಲಲ್ಲಿ ಓಡಿಬಂದು ಎತ್ತಿನ ಕೊರಳು ತಬ್ಬಿದ. ಇವನ ಕಡೆ ತಿರುಗಿಯೂ ನೋಡಲಿಲ್ಲ.

ಊರಿನಿಂದ ಟ್ರ್ಯಾಕ್ಟರ್ ಬಂತು. ಎತ್ತನ್ನು ಟ್ರೇಲರಿನಲ್ಲಿ ಮಲಗಿಸಿದರು.

"ಅಣ್ಣಾ, ನನ್ನನ್ನೂ ಆಸ್ಪತ್ರೆಗೆ ಬಿಡ್ರಿ," ಗೋವರ್ಧನ ಅಂಗಲಾಚಿದ.

"ಬಿಡ್ತೀನಿ," ಅಂದ ಪಾತಣ್ಣ. "ದೇವರೆತ್ತು ಇರೋ ಕಡೆ ಯಾರೂ ಕೆರ ಮೆಟ್ಟಂಗಿಲ್ಲ. ಷೂ ಬಿಚ್ಚಿ ಹತ್ತು."

ಪಾದ ಊದಿ ಷೂ ಬಿಗಿದುಕೊಂಡಿತ್ತು. ಲೇಸು ಮುಟ್ಟಿದರೆ ಜೀವ ಹೋಗುತ್ತಿತ್ತು. "ಆಗ್ತಿಲ್ಲಣ್ಣಾ. ನಿಮ್ಮ ಸೊಂಟದ ಕುಡುಗೋಲಲ್ಲಿ ಕೊಯ್ದು ತೆಗೀರಿ."

"ಇದು ದೇವರೆತ್ತಿಗೆ ಹುಲ್ಲು ಕೊಯ್ಯೋದು. ನಿನ್ನ ಕೆರಕ್ಕೆ ಮುಟ್ಟಿಸ್ತೀನೇನಲೇ?"

ಪಾತಣ್ಣ ಕುಕ್ಕರಗಾಲಲ್ಲಿ ಕೂತು, ಷೂವಿನ ಹಿಮ್ಮಡಿಗೆ ಎರಡೂ ಕೈ ಹಾಕಿ ಎಳೆದ.