ಸ್ಟ್ಯಾನ್ಮೋರ್‌ನಲ್ಲಿ ಗುದ್ದಲಿ ಪೂಜೆ

ಶನಿವಾರ ಬೆಳಗ್ಗೆ ಮೂರು ಸಂಗತಿಗಳು ಈ ಕ್ರಮದಲ್ಲಿ ಜರುಗಿದವು. ಮೊದಲು, ಮುರಿಗೆಪ್ಪನವರು ಲಂಡನ್ನಿನ ಇನ್ನೊಂದು ಬದಿಯ ಸೌತ್‌ಹಾಲ್‌ನಿಂದ ತೆಂಗಿನಕಾಯಿ, ಅರಿಸಿನ, ಕುಂಕುಮ ತಂದರು. ಬಳಿಕ, ಗುದ್ದಲಿಯನ್ನು ತೊಳೆದು ಅದಕ್ಕೆ ವಿಭೂತಿ ಹಚ್ಚಿದರು. ಕೊನೆಗೆ, ಮನೆಯ ಹಿಂದೆ ಅವರ ಕುದುರೆಗಳು ಮೇಯುವ ಹುಲ್ಲುಗಾವಲಿನೊಳಗೆ ಒಂದು ಜೆಸಿಬಿ ಬಂದು ನಿಂತಿತು.

ಕಿಟಕಿಯಲ್ಲಿದ್ದ ಮಗಳು ಸಾನ್ವಿಗೆ ಬೇರೆ ಸಾಕ್ಷ್ಯ ಬೇಕಿರಲಿಲ್ಲ. ವಿಜಯಪುರದಿಂದ ಬಂದ ಮನೆತನ. ಗುದ್ದಲಿ ಪೂಜೆ ಎಂದರೆ ಕಟ್ಟಡ. ವರ್ಷದಿಂದ ಬಾಗಿಲು ಬಡಿಯುತ್ತಿದ್ದ ಬಿಲ್ಡರ್ ಕಡೆಗೂ ಅಪ್ಪನನ್ನು ಒಲಿಸಿಕೊಂಡಿದ್ದಾನೆ.

ಆ ನೆಲ ಕೈತಪ್ಪುವುದನ್ನು ಅವಳು ನೆನೆಯಲೂ ಆರಳು. ಓಕ್ ಮರದ ಪಕ್ಕದ ಮೂಲೆಯನ್ನಂತೂ ಅವಳಷ್ಟು ಶ್ರದ್ಧೆಯಿಂದ ಯಾರೂ ಅಭ್ಯಸಿಸಿರಲಿಲ್ಲ: ಎಳೆಬಿಸಿಲು ಎಲ್ಲಿ ಬೀಳುತ್ತದೆ, ಮಳೆನೀರು ಎತ್ತ ಹರಿಯುತ್ತದೆ, ಜೇಡಿಮಣ್ಣು ಎಷ್ಟು ಆಳಕ್ಕಿದೆ. ಬರುವ ವಸಂತದಲ್ಲಿ ಅವಳ ಕೈಹಿಡಿಯಲಿದ್ದ ಅಮೋಘ್ ಕೂಡ ಮೊಣಕಾಲೂರಿ ಮಣ್ಣಿನ ಮಾದರಿ ತೆಗೆದಿದ್ದ.

ಸಾನ್ವಿ ಬೂಟಿನೊಳಗೆ ಕಾಲು ತೂರಿಸಿ ಓಡಿದಳು.

“ಅಪ್ಪಾ, ಪ್ಲೀಸ್, ಖರೇ ಹೇಳ್ರಿ. ಇಲ್ಲಿ ಇರಾಕ ಯಾರು ಬರ್ತಾರ?”

“ಭಾಳ ಮಂದಿ ಬರ್ತಾರವ್ವಾ.” ಮುರಿಗೆಪ್ಪನವರು ಊದುಬತ್ತಿ ಹಚ್ಚಿದರು. “ಬಾಡಗಿ ಕೊಡಂಗಿಲ್ಲ. ಮಳಿ ಬಂದ್ರ ಎಲ್ಲಾರೂ ಕೂಡಿ ಹಾಡತಾರ.”

“ನೇಬರ್ಸ್ ಕೌನ್ಸಿಲ್‌ಗೆ ಕಂಪ್ಲೇಂಟ್ ಮಾಡ್ತಾರ.”

“ಮಾಡವಲ್ಲರ್ಯಾಕ. ಕಪ್ಪಿಗೆ ನೋಟಿಸ್ ಯಾರು ಕೊಡ್ತಾರ?”

ಅಗೆಯಲಿದ್ದದ್ದು ಕಪ್ಪೆಗಳಿಗೊಂದು ಹೊಂಡ. ಹೊಂಡವಾದರೇನು, ಪೂಜೆಯಿಲ್ಲದೆ ಭೂಮಿತಾಯಿಗೆ ಗುದ್ದಲಿ ತಾಗಿಸುವ ಪೈಕಿ ಅವರಲ್ಲ. ಉಳಿದದ್ದನ್ನೂ ಅವರೇ ವಿವರಿಸಿದರು. ನಿನ್ನೆ ಒಂದು ನಿಸರ್ಗ ಸಂರಕ್ಷಣಾ ಸಂಸ್ಥೆಯೊಂದಿಗೆ ಒಪ್ಪಂದವಾಗಿದೆ. ನೆಲ ಮನೆತನದ್ದೇ, ಕುದುರೆಗಳು ಎಂದಿನಂತೆ ಮೇಯಬಹುದು. ಆದರೆ ಮುಂದೆ ಅದು ಯಾರ ಕೈಗೆ ಹೋದರೂ ಅಲ್ಲಿ ಒಂದೇ ಒಂದು ಇಟ್ಟಿಗೆಯೂ ಏಳುವಂತಿಲ್ಲ. ಬಿಲ್ಡರ್‌ನ ಕಾಟ ಶಾಶ್ವತವಾಗಿ ತೀರಿತು.

ಸಾನ್ವಿ ಓಕ್ ಮರದತ್ತ ನೋಡಿದಳು. “ಎಲ್ಲಾ ಕಡೆನೂ? ಆ ಮೂಲ್ಯಾಗೂ?”

“ಮದಲ ಆ ಮೂಲಿನ ಬರಸೀನಿ.” ಮುರಿಗೆಪ್ಪನವರು ಒಡೆದ ಕಾಯಿಯ ಅರ್ಧವನ್ನು ಮಗಳ ಕೈಗಿಟ್ಟರು. “ಈ ಪುಣ್ಯ ನಿಂದವ್ವಾ. ನೀವಿಬ್ರೂ ಅಲ್ಲಿ ಬಿಸಲು, ನೀರು, ಮಣ್ಣು ಅಂತ ಅಷ್ಟು ಕಾಳಜಿ ಮಾಡೋದು ನೋಡೇ ನಾ ಮನಸ್ಸು ಮಾಡಿದ್ದು.”

ಬಿಸಿಲು, ನೀರು, ಮಣ್ಣು: ಮೂರೂ ಪರೀಕ್ಷೆಗಳ ಫಲಿತಾಂಶ ಒಂದೇ ಆಗಿತ್ತು, ಸಾನ್ವಿ ಮತ್ತು ಅಮೋಘ್ ಮದುವೆಯ ಬಳಿಕ ಮನೆ ಕಟ್ಟಲು ಆ ಮೂಲೆಯೇ ಅತ್ಯುತ್ತಮ.