ರೇಡಿಯೇಟರಿನ ಭಂಡಾರ

ಬಿಸಿ ರಬ್ಬರಿನ ವಾಸನೆ ಬಂದರೆ ನನಗೆ ಇಂದಿಗೂ ಎಲ್ಲಮ್ಮನ ಭಂಡಾರ ನೆನಪಾಗುತ್ತದೆ.

ಎಪ್ಪತ್ತರ ದಶಕದಲ್ಲಿ ಅಪ್ಪ ಸವದತ್ತಿಯಲ್ಲಿ ಬಾಡಿಗೆ ವ್ಯಾನು ಓಡಿಸುತ್ತಿದ್ದ. ಒಂದು ದಿನ ನಾವು ಎಲ್ಲಮ್ಮನ ಗುಡ್ಡದಿಂದ ಹೊರಡುವ ಮುಂಚೆ ಅವ್ವ ವ್ಯಾನಿನ ರೇಡಿಯೇಟರಿನ ನೀರಿಗೆ ಒಂದು ಚಿಟಿಕೆ ಭಂಡಾರ, ದೇವಿಯ ಪ್ರಸಾದದ ಅರಿಶಿನ ಪುಡಿ, ಹಾಕಿದಳು.

"ಇದು ಎಂಜಿನ್ ಐತಿ, ಗುಡಿ ಅಲ್ಲ," ಎಂದು ಅಪ್ಪ ಬೈದ.

ಇಳಿಜಾರಿನಲ್ಲಿ ಬ್ರೇಕಿನ ಪೆಡಲು ಕಲ್ಲಿನಂತೆ ಬಿಗಿಯಾಗಿ, ಎಷ್ಟು ತುಳಿದರೂ ಗಾಡಿ ನಿಲ್ಲಲಿಲ್ಲ. ಅಪ್ಪ ಹೇಗೋ ಗುಡ್ಡದ ಕೆಳಗಿನ ಉಗರಗೋಳದಲ್ಲಿ ಒಂದು ಬೇಲಿಗೆ ತಾಗಿಸಿ ಗಾಡಿ ನಿಲ್ಲಿಸಿದ. ಪೆಡಲು ಹಗುರವಾಗಲೆಂದು ಎಂಜಿನ್ನು ಬ್ರೇಕಿನಿಂದ ಗಾಳಿ ಎಳೆದುಕೊಳ್ಳುವ ಬಿಸಿ ರಬ್ಬರ್ ಪೈಪು ಕಿತ್ತು ಅಂಗೈ ಮೇಲೆ ಕೊಡವಿದ. ಹಳದಿ ನೀರು ಬಿತ್ತು.

"ಬರೇ ನೀರಿದ್ದರ ಒರಸಿ ಬಿಡತಿದ್ದೆ. ಹಳದಿ ಐತಿ ಅಂದರ ಇದು ರೇಡಿಯೇಟರಿಂದ. ಎಂಜಿನ್ ಒಳಗ ಸೋರಾಕ ಹತ್ತೇತಿ," ಎಂದ. ಅವ್ವ ಸೆರಗು ಸರಿಮಾಡಿಕೊಂಡಳು.

ರಿಪೇರಿಯಾದ ಮೇಲೆ ರೇಡಿಯೇಟರಿಗೆ ನೀರು ಹಾಕಿದಾಗಲೆಲ್ಲ ಅಪ್ಪ, ಮುಚ್ಚಳ ಕೈಯಲ್ಲಿ ಹಿಡಿದು ಅವ್ವ ಭಂಡಾರ ತರುವ ತನಕ ನಿಂತಿರುತ್ತಿದ್ದ.