ಹಸಿರು ಗುಡ್ಡ, ನೀಲಿ ಗುಡ್ಡ

ಸ್ಲೆಡ್ಡಿನಲ್ಲಿ ಮಲಗಿಸಿ ಹಿಮದ ಗುಡ್ಡದಿಂದ ಕೆಳಗೆ ತರುತ್ತಿರುವ ಮಗು ತನ್ನದೇ ಎಂದು ತಿಳಿದದ್ದೇ ತಡ, ನೇತ್ರಾ ಕಾಫಿ ಲೋಟವನ್ನು ಬೆಂಚಿನ ಮೇಲೆ ಕುಕ್ಕಿ ಓಡಿದಳು. ಬಾಡಿಗೆಗೆ ತಂದ ಆ ಕಬ್ಬಿಣದಂಥ ಬೂಟಿನಲ್ಲಿ ಓಡುವುದಾದರೂ ಹೇಗೆ? ಮುಗ್ಗರಿಸಿದಳು, ಎದ್ದಳು, ಮತ್ತೆ ಓಡಿದಳು. ಪುಣ್ಯಕ್ಕೆ ಆದ್ಯಾಳ ಕೈಕಾಲು ನೆಟ್ಟಗಿದ್ದವು. ಆದರೆ ಒಂಬತ್ತು ವರ್ಷದ ಹುಡುಗಿಯ ತುಟಿ ಅದುರುತ್ತಿತ್ತು, ಬಿಗಿಹಿಡಿದ ಮುಷ್ಟಿ ಬಿಚ್ಚಲು ಬರುತ್ತಿರಲಿಲ್ಲ.

"ಪೆಟ್ಟಾಗಿಲ್ಲ, ಹೆದರಿದ್ದಾಳೆ," ಎಂದಳು ಜೊತೆಗೆ ಬಂದ ಸ್ಕೀ ಟೀಚರ್ ಇಂಗ್ಲಿಷಿನಲ್ಲಿ. "ಅರ್ಧ ದಾರಿಯಲ್ಲಿ ಕೂತುಬಿಟ್ಟಳು. ನಿಲ್ಲುವುದಕ್ಕೇ ಬರದ ಮಗುವನ್ನು ಬ್ಲೂ ಕ್ಲಾಸಿಗೆ ಯಾಕೆ ಸೇರಿಸಿದಿರಿ? ಎರಡು ಸೀಸನ್ ಕಲಿತಿದ್ದಾಳೆ ಎಂದು ಅವರಪ್ಪನೇ ನನಗೆ ಹೇಳಿದರಲ್ಲ?"

ಎರಡು ಸೀಸನ್ನಂತೆ, ಎರಡು ಸೀಸನ್! ಹೋದ ವರ್ಷ ಒಂದು ಮಧ್ಯಾಹ್ನ ಪ್ಲಾಸ್ಟಿಕ್ ತಟ್ಟೆಯ ಮೇಲೆ ಕೂತು ಜಾರಿದ್ದು ಬಿಟ್ಟರೆ ಆದ್ಯಾಳಿಗೆ ಹಿಮದ ಗಂಧವೇ ಇಲ್ಲ. ನೇತ್ರಾಳ ಪಿತ್ತ ನೆತ್ತಿಗೇರಿತು. ಈ ಕಣಿವೆಯಲ್ಲಿ ಎತ್ತ ತಿರುಗಿದರೂ ಬೋರ್ಡು: ಹಸಿರು ಗುರುತಿನ ಇಳಿಜಾರು ಹೊಸಬರಿಗೆ, ನೀಲಿ ಕಲಿತವರಿಗೆ, ಕಪ್ಪು ಪಳಗಿದವರಿಗೆ. ಓದು ಬಾರದವರೂ ಬಣ್ಣ ನೋಡಿ ತಿಳಿದುಕೊಳ್ಳಲಿ ಎಂದೇ ಹಾಗೆ ಮಾಡಿದ್ದಾರೆ. ಮಗಳನ್ನು ಹಸಿರು ಕ್ಲಾಸಿಗೆ ಬಿಟ್ಟು ಬರುತ್ತೇನೆ ಎಂದು ಬೆಳಿಗ್ಗೆ ಕೈಹಿಡಿದು ಕರೆದುಕೊಂಡು ಹೋದವನು ಗಂಡನೇ.

ಅಷ್ಟರಲ್ಲಿ ಆ ಗಂಡ, ಶಂಭುಲಿಂಗ, ಹೊಸಬರ ಇಳಿಜಾರಿನ ಕಡೆಯಿಂದ ಅಡ್ಡಡ್ಡ ಕಾಲು ಹಾಕುತ್ತಾ ಬಂದ.

"ಏನಾತು?"

"ಏನಾತು ಅಂತ ನನ್ನ ಕೇಳ್ತೀರಿ? ಬ್ಲೂಗೆ ಯಾಕ ಹಾಕಿದ್ರಿ ಅಕಿನ್ನ?"

"ಮೆಲ್ಲಕ ಮಾತಾಡು, ಮಂದಿ ನೋಡ್ಲಿಕ್ಹತ್ತಾರ. ಅನುರಾಗನ ಮಗಳು ಐಶ್ವರ್ಯಾ ಬ್ಲೂ ಒಳಗ ಅದಾಳ. ಇಬ್ರೂ ಸಾಲ್ಯಾಗ ಒಂದ ಕ್ಲಾಸಿನ ಹುಡುಗ್ಯಾರು. ನಮ್ಮಕಿ ಸಣ್ಣ ಕೂಸುಗಳ ಜೋಡಿ ಗ್ರೀನ್ ಒಳಗ ನಿಂತ್ರ ಛಂದ ಕಾಣ್ತದೇನು?"

"ಐಶ್ವರ್ಯಾ ಸಣ್ಣಾಕಿದ್ದಾಗಿಂದ ಪ್ರತಿ ವರ್ಷ ಬರ್ತಾಳ್ರೀ!"

"ಕೆಳಗ ಹಾಕಿದ್ರ ಕೆಳಗ ಉಳೀತಾರ ನೇತ್ರಾ. ಮ್ಯಾಲ ಹಾಕಿದ್ರ ತಾವ ಕಲೀತಾರ. ಮ್ಯಾಥ್ಸ್ ಕೋಚಿಂಗಿಗೆ ಮ್ಯಾಲಿನ ಬ್ಯಾಚಿಗೆ ಹಾಕಸ್ದಾಕಿ ನೀನ ಅಲ್ಲೇನು?"

"ಮ್ಯಾಥ್ಸ್ ಒಳಗ ಬಿದ್ರ ಕಾಲು ಮುರಿಯೂದಿಲ್ರೀ!" ನೇತ್ರಾಳ ಧ್ವನಿ ಕಣಿವೆಗೆಲ್ಲ ಕೇಳುವಷ್ಟು ಏರಿತು. "ಹೌದು, ಮತ್ತ ನೀವ್ಯಾಕ ಗ್ರೀನ್ ಒಳಗ ಆಡ್ಲಿಕ್ಹತ್ತೀರಿ?"

"ನಂದು ಬ್ಯಾರೆ. ನನಗ ಮೊಣಕಾಲು…"

"ನಿಮ್ಮವಷ್ಟ ಮೊಣಕಾಲು, ಅಕೀವೇನು ಕಟಗೀವೇನು?"

ಇವರೆಲ್ಲ ವಾಸವಿರುವ ಕ್ವೇಕರ್ಸ್ ಹಿಲ್ ಬಡಾವಣೆಯಿಂದ ಇನ್ನೊಂದು ಕಾರಿನಲ್ಲಿ ಇವರ ಜೊತೆಯೇ ಬಂದಿದ್ದ ಅನುರಾಗ್, ಗದ್ದಲ ಕೇಳಿ ಕನ್ನಡಕ ಹಣೆಗೇರಿಸಿಕೊಂಡು ಹತ್ತಿರ ಬಂದ. "ಏನಾಯ್ತು ಶಂಭು? ಆದ್ಯಾ ಓಕೆನಾ?"

ಶಂಭುಲಿಂಗನ ಮುಖ ಕ್ಷಣದಲ್ಲಿ ಬದಲಾಯಿತು. ನಕ್ಕುಬಿಟ್ಟ, ಮಹಾಶಯ! "ಏನಿಲ್ಲ ಬಿಡು, ರೆಂಟಲ್‌ನವ್ರು ಸ್ಕೀ ಸರಿಯಾಗಿ ಫಿಟ್ ಮಾಡಿಲ್ಲ. ಇಲ್ದಿದ್ರೆ ಇವಳು ಆರಾಮಾಗಿ ಇಳೀತಿದ್ಲು. ಅಲ್ವಾ ಪುಟ್ಟಿ?"

ಮಗು ಹೌದೆಂದು ತಲೆಯಾಡಿಸಿತು. ಅದನ್ನು ಕಂಡು ನೇತ್ರಾಳ ಮೈಯೆಲ್ಲ ಉರಿದುಹೋಯಿತು. ನಡುಕ ಇನ್ನೂ ನಿಂತಿಲ್ಲದ ಮಗುವಿನಿಂದ ಸುಳ್ಳಿಗೆ ಸಾಕ್ಷಿ ಹೇಳಿಸುವುದೇ? ಗಂಡನ ಮರ್ಯಾದೆ, ಗೆಳೆಯರ ಮುಂದಿನ ಮಾನ, ಎಲ್ಲ ಇವತ್ತು ಮಣ್ಣುಪಾಲಾದರೂ ಚಿಂತೆಯಿಲ್ಲ ಎನ್ನಿಸಿತು.

"ಸ್ಕೀ ಸರಿಯಾಗೇ ಇದೆ ಅನುರಾಗ್," ಎಂದಳು. "ಬರುತ್ತೆ ಅಂತ ಸುಳ್ಳು ಹೇಳಿ ಸೇರಿಸಿದಾರೆ ಇವ್ರು. ನಿಮ್ಮ ಮಗಳಿಗಿಂತ ಕೆಳಗಿರಬಾರದಂತೆ."

ಅನುರಾಗ್ ಕೆಮ್ಮಿ, ಐಶ್ವರ್ಯಾಳ ಕ್ಲಾಸ್ ಮುಗಿಯುವ ಹೊತ್ತಾಯಿತು ಎಂದು ಗೊಣಗಿ ಅತ್ತ ಹೊರಟ. ಶಂಭುಲಿಂಗ ಕಿವಿಯವರೆಗೂ ಕೆಂಪಾಗಿ ಹಿಮವನ್ನು ಒದೆಯುತ್ತಾ ನಿಂತ. ಒದೆಯಲಿ. ನೇತ್ರಾಳಿಗೆ ಒಂದಿಷ್ಟೂ ಕನಿಕರ ಬರಲಿಲ್ಲ.

ಇವರ ಭಾಷೆ ತಿಳಿಯದಿದ್ದರೂ ಜಗಳ ತಿಳಿದಿದ್ದ ಟೀಚರ್, ಆದ್ಯಾಳ ಮುಂದೆ ಮಂಡಿಯೂರಿ ಕೂತಳು. ಅವಳ ಕೈಗವಸು ತೆಗೆದು ಬೆರಳುಗಳನ್ನು ತಿಕ್ಕಿ ಬೆಚ್ಚಗೆ ಮಾಡಿದಳು. "ಮಧ್ಯಾಹ್ನಕ್ಕೆ ಏನು ಮಾಡೋಣ, ಡಾರ್ಲಿಂಗ್? ಅಲ್ಲಿ ಹಸಿರು ಗುಡ್ಡ, ಇಲ್ಲಿ ನೀಲಿ ಗುಡ್ಡ. ಎರಡೂ ಬೇಡವೆಂದರೆ ಒಳಗೆ ಹೋಗಿ ಹಾಟ್ ಚಾಕ್ಲೆಟ್ ಕುಡಿಯೋಣ. ನಿನಗೆ ಯಾವುದು ಇಷ್ಟವೋ ಅದು. ಬೇರೆ ಯಾರೂ ಹೇಳುವಂತಿಲ್ಲ."

ಕೇಳಿಸಿಕೊಳ್ಳಲಿ ಈಗ, ಎಂದುಕೊಂಡು ನೇತ್ರಾ ಗಂಡನ ಕಡೆ ಒಮ್ಮೆ ದುರುಗುಟ್ಟಿ ನೋಡಿದಳು. "ಹೆದರಬ್ಯಾಡ ಪುಟ್ಟಿ, ಗ್ರೀನ್ ಅನ್ನು. ಅನ್ನು, ನಾ ಅದೀನಿ."

ಆದ್ಯಾ ಹಸಿರು ಗುಡ್ಡದ ಕಡೆ ನೋಡಲಿಲ್ಲ. ನೀಲಿ ಗುಡ್ಡದ ಕಡೆಯೂ ನೋಡಲಿಲ್ಲ. ಅಪ್ಪನ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಟೀಚರ್ ಕಿವಿಯ ಹತ್ತಿರ ಬಗ್ಗಿ, ಇಬ್ಬರಿಗೂ ಕೇಳಿಸುವುದಿಲ್ಲ ಎಂದುಕೊಂಡು, ಪಿಸುಗುಟ್ಟಿದಳು:

"ಮಿಸ್, ವಿಚ್ ಒನ್ ಈಸ್ ದ ರೈಟ್ ಆನ್ಸರ್?"